ಡಿಸ್ಚಾರ್ಜ್ ಸಮ್ಮರಿ ಓದಿ ‘ಕೇಸ್ ನಿಲ್ಲಲ್ಲ’ ಅಂದುಬಿಟ್ಟಿದ್ದೆ

ವಕೀಲರ ಕಚೇರಿಯಲ್ಲಿ ನಾನು ಜೂನಿಯರ್. ಆಸ್ಪತ್ರೆಯಲ್ಲಿ ತಪ್ಪಾಗಿದೆ ಎಂದು ಬರುವವರ ಜೊತೆ ಮೊದಲು ಕೂರುವುದು ನಾನೇ. ಅವರ ಮಾತು ಕೇಳಿ, ಕಾಗದ ಓದಿ, ಸೀನಿಯರ್‌ಗೆ ಟಿಪ್ಪಣಿ ಬರೆದು ಕೊಡಬೇಕು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ತಾಯಿ, ಮಗಳು ಬಂದರು. ತಾಯಿಗೆ ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೊಸ್ಕೋಪಿ ಆಪರೇಷನ್ ಆಗಿತ್ತು. ಆಗ ಪಿತ್ತನಾಳಕ್ಕೆ ಪೆಟ್ಟಾಗಿ, ಹೊಟ್ಟೆಯೊಳಗೆ ಪಿತ್ತ ಸೋರಿ, ಇನ್ನೊಂದು ಆಪರೇಷನ್ ಮಾಡಬೇಕಾಯಿತು. ಕೈಯಲ್ಲಿದ್ದದ್ದು ಡಿಸ್ಚಾರ್ಜ್ ಸಮ್ಮರಿಯ ಎರಡು ಹಾಳೆ ಅಷ್ಟೇ. ಪಿತ್ತನಾಳಕ್ಕೆ ಪೆಟ್ಟಾಗುವುದು ಈ ಆಪರೇಷನ್‌ನಲ್ಲಿ ಗೊತ್ತಿರುವ ಅಪಾಯ. ಎಚ್ಚರಿಕೆಯ ಸರ್ಜನ್ ಕೈಯಲ್ಲೂ ಆಗಬಹುದು. ‘ಅಮ್ಮಾ, ಇದರಲ್ಲಿ ಕೇಸ್ ನಿಲ್ಲಲ್ಲ’ ಅಂದುಬಿಟ್ಟೆ.

ಟಿಪ್ಪಣಿ ನೋಡಿದ ಸೀನಿಯರ್ ಒಂದೇ ಮಾತು ಕೇಳಿದರು: ‘ನರ್ಸ್‌ಗಳು ಬರೆದಿದ್ದು ಎಲ್ಲಿದೆಯೋ?’

ಡಿಸ್ಚಾರ್ಜ್ ಸಮ್ಮರಿ ಎಲ್ಲ ಮುಗಿದ ಮೇಲೆ ಬರೆಯುವ ಕಾಗದ. ನರ್ಸ್ ಚಾರ್ಟ್ ಹಾಗಲ್ಲ. ಜ್ವರ, ನಾಡಿ, ಬಿಪಿ, ನೋವು, ಡಾಕ್ಟರಿಗೆ ಫೋನ್ ಮಾಡಿದ ಹೊತ್ತು, ಎಲ್ಲ ಆಗಾಗಲೇ ಬರೆದಿರುತ್ತಾರೆ. ಮಗಳ ಕೈಲಿ ಅರ್ಜಿ ಬರೆಸಿದೆವು. ‘ದಾಖಲೆ ಕೊಡಿ’ ಎಂದು ಸುಮ್ನೆ ಬರೆದರೆ ಮತ್ತೆ ಅದೇ ಎರಡು ಹಾಳೆ ಬರುತ್ತದೆ. ಅದಕ್ಕೇ ಕೇಸ್ ಶೀಟ್, ಆಪರೇಷನ್ ನೋಟ್ಸ್, ಅರಿವಳಿಕೆಯ ದಾಖಲೆ, ನರ್ಸ್ ಚಾರ್ಟ್, ಒಪ್ಪಿಗೆ ಪತ್ರ, ಲ್ಯಾಬ್ ರಿಪೋರ್ಟ್, ಸ್ಕ್ಯಾನ್‌ನ ಸಿಡಿ ಎಂದು ಒಂದೊಂದನ್ನೂ ಹೆಸರಿಸಿದೆವು. ಭಾರತದಲ್ಲಿ 2002ರ ವೈದ್ಯಕೀಯ ನೀತಿ ನಿಯಮದಂತೆ, ಕೇಳಿದ 72 ಗಂಟೆಯೊಳಗೆ ಡಾಕ್ಟರ್ ದಾಖಲೆ ಕೊಡಬೇಕು. ಇದು ಗೊತ್ತಿರುವ ರೋಗಿಗಳು ಕಡಿಮೆ.

ಚಾರ್ಟ್ ಬಂತು. ಎರಡನೇ ದಿನದಿಂದ ಜ್ವರ, ನಾಡಿ ಏರುತ್ತಲೇ ಇತ್ತು. ಹೊಟ್ಟೆ ಉಬ್ಬರ, ವಿಪರೀತ ನೋವು ಎಂದು ನರ್ಸ್ ಮೂರು ಸಲ ಬರೆದಿದ್ದರು. ಆದರೂ ಸ್ಕ್ಯಾನ್ ಆಗಿದ್ದು ಐದನೇ ದಿನ. ನಾನು ಚಾಕು ತಗುಲಿದ ಕ್ಷಣವನ್ನೇ ನೋಡುತ್ತಿದ್ದೆ. ಕೇಸ್ ಇದ್ದದ್ದು ಆಮೇಲಿನ ಮೂರು ದಿನದಲ್ಲಿ.

ಫಲಿತಾಂಶ ಕೆಟ್ಟದ್ದಾದರೆ ಅದೇ ನಿರ್ಲಕ್ಷ್ಯ ಅಲ್ಲ. ಇಂಗ್ಲೆಂಡಿನ 1957ರ ಬೋಲಂ ತೀರ್ಪು ಹಾಕಿಕೊಟ್ಟ ಅಳತೆ ಹಲವು ದೇಶಗಳ ಕೋರ್ಟುಗಳಲ್ಲಿ ಇನ್ನೂ ಓಡಾಡುತ್ತಿದೆ: ಅದೇ ವಿಭಾಗದ ಜವಾಬ್ದಾರಿಯುತ ವೈದ್ಯರು ಒಪ್ಪುವ ರೀತಿಯಲ್ಲಿ ಡಾಕ್ಟರ್ ನಡೆದುಕೊಂಡರೇ? ಇಷ್ಟಕ್ಕೇ ಮುಗಿಯಲ್ಲ. ಬೇಗ ಗುರುತಿಸಿದ್ದರೆ ಹಾನಿ ಕಡಿಮೆ ಆಗುತ್ತಿತ್ತು ಎಂದೂ ತೋರಿಸಬೇಕು. ಜಾಸ್ತಿ ಕೇಸುಗಳು ಮುಗ್ಗರಿಸುವುದು ಇಲ್ಲೇ ಅನ್ನುವುದು ನನ್ನ ಅನಿಸಿಕೆ. ಅದಕ್ಕೆ ಆ ಆಸ್ಪತ್ರೆಗೆ ಸಂಬಂಧವಿಲ್ಲದ, ಅದೇ ವಿಭಾಗದ ವೈದ್ಯರ ಅಭಿಪ್ರಾಯ ಬೇಕು. ನಾವು ಕೇಳಿದ ಸರ್ಜನ್ ಮೊದಲ ಪೆಟ್ಟನ್ನು ತಪ್ಪು ಅನ್ನಲಿಲ್ಲ. ತಡವಾಗಿದ್ದನ್ನು ಮಾತ್ರ ಅಂದರು.

ಕಾಲಮಿತಿಯಂತೂ ಯಾರಿಗೂ ಕಾಯುವುದಿಲ್ಲ. ಭಾರತದಲ್ಲಿ ಗ್ರಾಹಕ ಆಯೋಗಕ್ಕೆ ದೂರು ಕೊಡಲು 2 ವರ್ಷ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ, ಗಾಯವಾದ ದಿನದಿಂದ ಅಥವಾ ವಿಷಯ ತಿಳಿದ ದಿನದಿಂದ. ಪೂರ್ತಿ ಗುಣವಾದ ಮೇಲೆ ವಕೀಲರ ಹತ್ತಿರ ಹೋಗೋಣ ಎಂದು ಕೂತವರು ಎಷ್ಟೋ ಜನ. ಬಿಲ್ ಮನ್ನಾ ಮಾಡುತ್ತೇವೆ, ‘ತಕರಾರಿಲ್ಲ’ ಎಂದು ಬರೆದುಕೊಡಿ ಅಂದರೆ, ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಈಗ ಯಾರೇ ಬಂದರೂ ಕಾಗದ ಆಮೇಲೆ ನೋಡೋಣ ಅನ್ನುತ್ತೇನೆ. ಮೊದಲು ಫೋನ್ ತೆಗೆಸುತ್ತೇನೆ. ಇದನ್ನು ಕಲಿಸಿದ್ದು ಆ ಮಗಳೇ. ಆಸ್ಪತ್ರೆಯಿಂದ ಅವಳು ಅಣ್ಣನಿಗೆ ಕಳಿಸಿದ ವಾಟ್ಸಾಪ್ ಸಂದೇಶಗಳು ಹಾಗೇ ಉಳಿದಿದ್ದವು. ಮೂರನೇ ದಿನ ರಾತ್ರಿ 11.40ಕ್ಕೆ: ‘ಅಮ್ಮ ನೋವು ಅಂತ ಅಳ್ತಿದ್ದಾಳೆ. ಡಾಕ್ಟರ್ ಬೆಳಿಗ್ಗೆ ಬರ್ತಾರಂತೆ.’ ನರ್ಸ್ ಚಾರ್ಟ್‌ನಲ್ಲಿ ಅದೇ ಹೊತ್ತಿಗೆ ಒಂದು ಸಾಲಿತ್ತು: ಡಾಕ್ಟರಿಗೆ ತಿಳಿಸಲಾಗಿದೆ.