ನೆಟ್ಟ ಸಸಿಗಳ ಸಂಖ್ಯೆ: ಸೊನ್ನೆ

ನವೆಂಬರ್ 14, 2025, ಶುಕ್ರವಾರ ರಾತ್ರಿ

ಹೂವಿನ ಬಯಲು ಕಾಯುವ ನಮ್ಮ ಪ್ರಾಜೆಕ್ಟಿನ ರಿಪೋರ್ಟ್ ಇನ್ನೂ ಕಳಿಸಿಲ್ಲ. ಸೋಮವಾರ ಕೊನೆಯ ದಿನ. ಎಲ್ಲಾ ತುಂಬಿ ಆಗಿದೆ, ಒಂದು ಖಾನೆ ಬಿಟ್ಟು. ‘ನೆಟ್ಟ ಸಸಿಗಳ ಸಂಖ್ಯೆ’. ಅಲ್ಲಿ ಸೊನ್ನೆ ಹಾಕಿದೆ, ಅಳಿಸಿದೆ, ಮತ್ತೆ ಹಾಕಿದೆ.

ಮಧ್ಯಾಹ್ನ ಹಣ ಕೊಡುವ ಸಂಸ್ಥೆಯ ಮೇಡಂ ಫೋನ್ ಮಾಡಿದ್ದರು. ಒಳ್ಳೆಯವರು, ಮೂರು ವರ್ಷದಿಂದ ನಮ್ಮ ಪರವಾಗಿ ಮಾತಾಡಿಕೊಂಡು ಬಂದವರು. “ಬಯಲಿನ ಅಂಚಿನಲ್ಲಾದರೂ ಒಂದು ಐನೂರು ಗಿಡ ಹಾಕೋಕೆ ಆಗಲ್ವಾ? ಮುಂದಿನ ಗ್ರ್ಯಾಂಟ್‌ಗೆ ಅನುಕೂಲ ಆಗುತ್ತೆ. ನಮ್ಮ ಬೋರ್ಡಿನವರು ಮೊದಲು ನೋಡೋದೇ ಆ ನಂಬರ್” ಅಂದರು. ಅದು ಹುಲ್ಲುಗಾವಲು ಮೇಡಂ, ನೆರಳು ಬಿದ್ದರೆ ಮೊದಲು ಹೋಗುವುದೇ ಆ ಚಿಕ್ಕ ಹೂಗಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ನನಗೆ ಗೊತ್ತಾಗುತ್ತೆ. ಬೋರ್ಡಿಗೆ ಹೇಗೆ ಹೇಳಲಿ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಂಜೆ ಬಯಲಿಗೆ ಹೋದೆ. ಬಯಲು ನೋಡಿಕೊಳ್ಳುವ ಸಮಿತಿಯ ಅಕ್ಕ ಒಬ್ಬರೇ ಇದ್ದರು. ಸಮಿತಿಯ ಉಳಿದವರು ಆಗಲೇ ಇಳಿದು ಹೋಗಿದ್ದರು. ಹೂವಿನ ಕಾಲ ಮುಗಿದು ಬಯಲೆಲ್ಲ ಕಂದು ಬಣ್ಣ. ಈಗ ಬಂದು ನೋಡಿದವರಿಗೆ ಇಲ್ಲಿ ಕಾಯುವಂಥದ್ದು ಏನಿದೆ ಅನ್ನಿಸುತ್ತದೆ. ಅಕ್ಕ ಬಗ್ಗಿ ಒಂದು ಒಣಗಿದ ಕಾಯಿ ಕಿತ್ತರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಆಮೇಲೆ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಉಜ್ಜಿದರು. ಹೊಟ್ಟು ಹಾರಿಹೋಯಿತು. ಏಳೆಂಟು ಬೀಜ ಉಳಿದವು. ಅರ್ಧ ಕಪ್ಪು, ಅರ್ಧ ಇನ್ನೂ ಹಸಿರು.

“ಇನ್ನೂ ಎಂಟು ದಿನ ಬಿಡಬೇಕು. ಆಮೇಲೆ ಕುಡುಗೋಲು ಹಾಕೋದು.”

ಪ್ರಾಜೆಕ್ಟ್ ಪಟ್ಟಿಯ ಪ್ರಕಾರ ಹುಲ್ಲು ಕೊಯ್ಲು ಅಕ್ಟೋಬರ್ 31ಕ್ಕೇ ಮುಗಿಯಬೇಕಿತ್ತು. ಮುಗಿಸಿದ್ದರೆ ಆ ಖಾನೆಯಲ್ಲಿ ‘ಪೂರ್ಣ’ ಅಂತ ಬರೆಯಬಹುದಿತ್ತು. ಬೀಜವೆಲ್ಲ ಹುಲ್ಲಿನ ಜೊತೆ ಹೋಗಿರುತ್ತಿತ್ತು. ಈ ಪಟ್ಟಿ ಮಾಡುವಾಗ ಅಕ್ಕನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅಲ್ವಾ?

ಸಸಿ ವಿಷಯ ಹೇಳಿದೆ. ಅಕ್ಕ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಎರಡೂ ಕೈ ಬಿಚ್ಚಿ ತೋರಿಸಿದರು. “ಮೂರು ವರ್ಷದಿಂದ ಪೊದೆ ಕಿತ್ತೂ ಕಿತ್ತೂ ಈ ಕೈ ನೋಡು ತಮ್ಮಾ. ಕಿತ್ತ ಜಾಗದಲ್ಲೇ ಈಗ ಗಿಡ ನೆಡಬೇಕಾ? ಅವರಿಗೆ ಲೆಕ್ಕ ತಾನೇ ಬೇಕು, ಕಿತ್ತ ಪೊದೆಯ ಲೆಕ್ಕ ಕೊಡು.”

ಆಮೇಲೆ, ತೀರಾ ಮೆಲ್ಲಗೆ, “ಮಾರ್ಚ್ ಆದ್ಮೇಲೆ ಹುಡುಗರಿಗೆ ಕೂಲಿ ಯಾರು ಕೊಡ್ತಾರೆ?”

ಈಗಿನ ಗ್ರ್ಯಾಂಟ್ ಮಾರ್ಚ್‌ಗೆ ಮುಗಿಯುತ್ತದೆ. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಬ್ಬರೂ ಮಾತಿಲ್ಲದೆ ಇಳಿದು ಬಂದೆವು.

ಈಗ ರಾತ್ರಿ ಕೂತು ಬೇರೆಯವರೆಲ್ಲ ಏನು ಮಾಡಿದ್ದಾರೆ ಅಂತ ಮತ್ತೆ ತಿರುವಿ ಹಾಕುತ್ತಿದ್ದೇನೆ. ಉತ್ತರಾಖಂಡದ ಹೂಗಳ ಕಣಿವೆ 1982ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು, ಕುರಿ ಮೇಯಿಸುವುದು ನಿಂತಿತು. ಆಮೇಲೆ ಪಾಲಿಗೋನಮ್ ಅನ್ನುವ ಎತ್ತರದ ಗಿಡ ಹಬ್ಬಿ ಚಿಕ್ಕ ಹೂಗಳ ಜಾಗ ನುಂಗತೊಡಗಿತು. ಕುರಿ ಬರುವುದು ನಿಂತಿದ್ದೇ ಕಾರಣ ಅಂತ ಹಲವರು ಹೇಳುತ್ತಾರೆ. ಈಗ ಅದನ್ನು ಕೈಯಲ್ಲೇ ಕೀಳಿಸುತ್ತಾರೆ. ಸಾತಾರಾ ಹತ್ತಿರದ ಕಾಸ್ ಪ್ರಸ್ಥಭೂಮಿಯಲ್ಲಿ ಸುತ್ತಲಿನ ಊರುಗಳ ಸಮಿತಿಗಳೇ ಹೂವಿನ ಕಾಲದಲ್ಲಿ ಪ್ರವೇಶ ಶುಲ್ಕ ಎತ್ತುತ್ತವೆ, ಕಾವಲು ಕಾಯುವವರೂ ಆ ಊರಿನವರೇ. ನನಗೆ ಇದು ತುಂಬಾ ಇಷ್ಟ. ಕಾಯುವವರ ಕೂಲಿಗೆ ಯಾರೋ ದೂರದವರ ಸಹಿ ಕಾಯಬೇಕಾಗಿಲ್ಲ. ಆದರೆ ಅಲ್ಲಿಗೆ ಜನ ಜಾಸ್ತಿಯಾಗಿ ಹೂವನ್ನೇ ತುಳಿಯುತ್ತಾರೆ ಅನ್ನುವ ಚಿಂತೆ, ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ. ನಮ್ಮ ಬಯಲು ಅಷ್ಟು ಕಾಲು ತಡೆಯುವುದಿಲ್ಲ.

ಚಿಕ್ಕ ಗುಂಪುಗಳಿಗೆ ಚಿಕ್ಕ ಮೊತ್ತ ಕೊಡುವವರೂ ಇದ್ದಾರೆ. ಕ್ರಿಟಿಕಲ್ ಇಕೋಸಿಸ್ಟಮ್ ಪಾರ್ಟ್ನರ್‌ಶಿಪ್ ಫಂಡ್ 2000ದಲ್ಲಿ ಶುರುವಾಯಿತು. ವಿಶ್ವ ಬ್ಯಾಂಕು, ಯುರೋಪಿಯನ್ ಒಕ್ಕೂಟ, ಜಪಾನ್ ಸರ್ಕಾರ ಇವರೆಲ್ಲ ಸೇರಿ ಹಣ ಹಾಕಿದ್ದು. ಪಶ್ಚಿಮ ಘಟ್ಟಕ್ಕೂ ಆ ಹಣ ಬಂತು, 2008ರಿಂದ 2015ರವರೆಗೆ. ಇಲ್ಲಿ ನೋಡಿಕೊಂಡಿದ್ದು ಏಟ್ರೀ ಅನ್ನುವ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ. ಒಂದು ದಿನ ಅದು ಮುಗಿಯಿತು. ಯಾವ ಫಂಡಿಗೂ ಕೊನೆಯ ತಾರೀಖು ಇರುತ್ತದೆ. ಹುಲ್ಲಿಗೆ ಇಲ್ಲ. ಒಂದು ವರ್ಷ ಕೊಯ್ಯದೆ ಬಿಟ್ಟರೆ ಪೊದೆ ಮೊಣಕಾಲಿಗೆ ಬರುತ್ತದೆ.

ಓದುತ್ತಾ ಇಂಗ್ಲೆಂಡಿನ ಕತೆಗೆ ಬಂದು ನಿಂತೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1930ರ ದಶಕದಿಂದ ಈಚೆಗೆ ಹೂವಿನ ಹುಲ್ಲುಗಾವಲು ನೂರಕ್ಕೆ 97ರಷ್ಟು ಹೋಗಿದೆ. ನೆಲ ಉತ್ತರು, ಗೊಬ್ಬರ ಸುರಿದರು. ಮಣ್ಣು ಕೊಬ್ಬಿದರೆ ಒರಟು ಹುಲ್ಲು ಎದ್ದು ನಿಲ್ಲುತ್ತದೆ, ಹೂಗಿಡ ಉಸಿರುಗಟ್ಟಿ ಸಾಯುತ್ತದೆ. 2013ರಲ್ಲಿ ಕಾರೊನೇಷನ್ ಮೆಡೋಸ್ ಅಂತ ಒಂದು ಕೆಲಸ ಶುರುವಾಯಿತು. ಆಗಿನ ರಾಜಕುಮಾರ ಚಾರ್ಲ್ಸ್ ಮುಂದೆ ನಿಂತರು. ಕಾಡುಗಿಡ ಉಳಿಸುವ ಪ್ಲಾಂಟ್‌ಲೈಫ್ ಸಂಸ್ಥೆ, ವನ್ಯಜೀವಿ ಕಾಯುವ ವೈಲ್ಡ್‌ಲೈಫ್ ಟ್ರಸ್ಟ್‌ಗಳು, ಹಳೆಯ ನಾಟಿ ತಳಿಯ ದನಕುರಿ ಉಳಿಸುವ ಒಂದು ಟ್ರಸ್ಟ್, ಮೂರೂ ಜೊತೆಯಾದವು. ಹೂವಿಗೂ ದನಕ್ಕೂ ಏನು ಸಂಬಂಧ ಅಂತ ಅಕ್ಕನನ್ನು ಕೇಳಬೇಕಾಗಿಲ್ಲ, ದನ ಮೇದರೆ ಎತ್ತರದ ಹುಲ್ಲು ತಗ್ಗಿ ಚಿಕ್ಕ ಹೂಗಳಿಗೆ ಜಾಗ ಸಿಗುತ್ತದೆ ಅಂತ ಅವರಿಗೆ ಗೊತ್ತು.

ಅಲ್ಲಿ ಉಳಿದಿರುವ ಹಳೆಯ ಗಾವಲಿನ ಒಂದು ಭಾಗದ ಹಸಿ ಹುಲ್ಲನ್ನು ಬೀಜ ಬಲಿತಾಗ ಕೊಯ್ಯುತ್ತಾರೆ. ಅದೇ ದಿನ ಸಾಗಿಸಿ ಬೇರೆ ಜಾಗದಲ್ಲಿ ತೆಳ್ಳಗೆ ಹರಡುತ್ತಾರೆ. ರಾಶಿ ಹಾಕಿ ಬಿಟ್ಟರೆ ಒಳಗೆ ಬಿಸಿಯೇರಿ ಬೀಜ ಕೆಡುತ್ತದೆ. ಹರಡಿದ ಹುಲ್ಲಿನಿಂದ ಬೀಜ ಉದುರಿ ಅಲ್ಲಿ ಹೊಸ ಗಾವಲು ಏಳುತ್ತದೆ. ಬೀಜ ಕೊಟ್ಟ ಹಳೆಯ ಗಾವಲಿಗೆ ಅವರು ಇಟ್ಟಿರುವ ಹೆಸರು ‘ದಾನಿ’.

ಇದನ್ನು ಓದಿ ಎದ್ದು ಓಡಾಡಿದೆ. ಮೂರು ವರ್ಷದಿಂದ ದಾನಿಗಳು, ದಾನಿಗಳು ಅಂತ ಪತ್ರ ಬರೆಯುತ್ತಿದ್ದೇನೆ. ಕೆಳಗಿನ ಆ ಬೋಳು ಇಳಿಜಾರಿಗೆ ನಮ್ಮ ಬಯಲಿನ ಹುಲ್ಲನ್ನೇ ಯಾಕೆ ಹರಡಬಾರದು? ಅಕ್ಕ ಹೇಳಿದ ಎಂಟು ದಿನ ಕಾದು, ಕೊಯ್ದ ದಿನವೇ ಹೊತ್ತು ಇಳಿಸಿದರೆ? ಹುಡುಗರು ಹೇಗೂ ಕೊಯ್ಯುತ್ತಾರೆ. ಹೂ ಎಣಿಸಲು ಬರುವ ಕಾಲೇಜಿನ ಮಕ್ಕಳು ಅದೇ ಒಂದು ಮೀಟರಿನ ಚೌಕಟ್ಟು ಇಟ್ಟು ಅಲ್ಲೂ ಎಣಿಸಬಹುದು. ಈ ವರ್ಷ ಒಂದು ಚೌಕದಲ್ಲಿ 14 ಬಗೆ ಸಿಕ್ಕಿತ್ತು, ಮೊದಲ ವರ್ಷ ಅದೇ ಜಾಗದಲ್ಲಿ 9. ಬೋರ್ಡಿಗೆ ನಂಬರ್ ಬೇಕಿದ್ದರೆ ಇದೂ ನಂಬರೇ.

ಕೂಲಿ ಮಾತ್ರ ಹಾಗೇ ಉಳಿಯಿತು. ಹುಲ್ಲು ಬೀಜ ಕೊಡುತ್ತದೆ, ಏಪ್ರಿಲ್ ತಿಂಗಳ ಕೂಲಿ ಕೊಡುವುದಿಲ್ಲ.

ಷರಾ ಬರೆಯುವ ಜಾಗ ಎರಡೇ ಸಾಲು. ‘ಸಸಿ ಸೊನ್ನೆ. ಕಾರಣ, ಇದು ಹೂವಿನ ಬಯಲು’ ಅಂತ ಬರೆದಿದ್ದೇನೆ, ಈ ಸಲ ಅಳಿಸುವುದಿಲ್ಲ. ಬೆಳಿಗ್ಗೆ ಮೇಡಂಗೆ ಫೋನ್ ಮಾಡಿ ಒಂದು ಸಲ ಬಂದು ಅಕ್ಕನ ಹತ್ತಿರ ಮಾತಾಡಿ ಅನ್ನಬೇಕು. ಬೀಜ ಉದುರುವ ಮೊದಲೇ, ಅಂದರೆ ಬರುವ ಶುಕ್ರವಾರದೊಳಗೆ ಬಂದರೆ, ಅಕ್ಕ ಆ ಕಾಯಿ ಉಜ್ಜಿ ತೋರಿಸುವುದನ್ನು ಅವರು ಕಣ್ಣಾರೆ ನೋಡಬಹುದು.