ಯಾವ ಪತ್ರಿಕೆ ಓದ್ತೀರಿ?

ಇವತ್ತು ಮತ್ತೆ ಆ ಹಳೇ ವಿಡಿಯೊ ಕಣ್ಣಿಗೆ ಬಿತ್ತು. 2008. ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಅಲಾಸ್ಕದ ಗವರ್ನರ್ ಸಾರಾ ಪೇಲಿನ್, ಎದುರಿಗೆ ಸಿಬಿಎಸ್ ಟಿವಿಯ ಕೇಟಿ ಕ್ಯೂರಿಕ್.
ಕೇಳಿದ್ದು ಇಷ್ಟೇ: ಯಾವ ಪತ್ರಿಕೆ ಓದ್ತಿದ್ರಿ?
ಒಂದೇ ಒಂದು ಹೆಸರು ಬಾಯಿಗೆ ಬರಲಿಲ್ಲ. ಎಲ್ಲಾ ಓದ್ತೀನಿ ಅಂದ್ರು.

ಪೇಲಿನ್ ನಗೆಪಾಟಲಾಗಿದ್ದು ಮಾಧ್ಯಮದ ಸಂಚಿನಿಂದ ಅನ್ನೋರು ಈಗಲೂ ಇದ್ದಾರೆ. ಸರಿ, ದಿನ ಎಣಿಸಿ. ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಮೆಕೇನ್ ತಮ್ಮ ಜೋಡಿಯಾಗಿ ಪೇಲಿನ್ ಹೆಸರನ್ನ ಘೋಷಿಸಿದ್ದು ಆಗಸ್ಟ್ 29ಕ್ಕೆ. (ಅವತ್ತೇ ಮೆಕೇನ್‌ಗೆ 72 ವರ್ಷ ತುಂಬಿತು. ಉಪಾಧ್ಯಕ್ಷರ ಸಿದ್ಧತೆ ಬಗ್ಗೆ ಜನ ಕೇಳದೇ ಇರ್ತಾರಾ?) ಮೊದಲ ದೊಡ್ಡ ಸಂದರ್ಶನ ಸೆಪ್ಟೆಂಬರ್ 11ಕ್ಕೆ, ಎಬಿಸಿಯ ಚಾರ್ಲಿ ಗಿಬ್ಸನ್ ಜೊತೆ. ನಡುವಿನ 13 ದಿನ ಅಭ್ಯರ್ಥಿಯನ್ನ ಸಂದರ್ಶನಗಳಿಂದ ದೂರ ಇಟ್ಟಿದ್ದು ಅವರದೇ ಪ್ರಚಾರ ತಂಡ. ದಿನಾ ನಾಲ್ಕು ಪ್ರಶ್ನೆಗೆ ಉತ್ತರ ಕೊಡೋರ ತಪ್ಪು ಮಾರನೇ ದಿನ ಹಳಸುತ್ತೆ. ಬೆರಳೆಣಿಕೆಯ ಸಂದರ್ಶನ ಕೊಟ್ರೆ ಪ್ರತಿ ತೊದಲೂ ವಾರಗಟ್ಟಲೆ ಓಡುತ್ತೆ.

ನ್ಯಾಯವಾಗಿ ಒಂದು ಮಾತು ಹೇಳ್ಬೇಕು. "ನಮ್ಮನೆಯಿಂದ ರಷ್ಯಾ ಕಾಣುತ್ತೆ" ಅಂದಿದ್ದು ಪೇಲಿನ್ ಅಲ್ಲ, ಟಿವಿಯಲ್ಲಿ ಅವರ ವೇಷ ಹಾಕಿದ ಟೀನಾ ಫೇ. ಪೇಲಿನ್ ಅಂದಿದ್ದು ಅಲಾಸ್ಕದ ನೆಲದಿಂದ, ಒಂದು ದ್ವೀಪದಿಂದ ಕಾಣುತ್ತೆ ಅಂತ. ಅದು ನಿಜ. ಡಯೊಮೀಡ್ ಅನ್ನೋ ಎರಡು ದ್ವೀಪಗಳಲ್ಲಿ ಒಂದು ಅಮೆರಿಕದ್ದು, ಇನ್ನೊಂದು ರಷ್ಯಾದ್ದು; ನಡುವೆ ಸುಮಾರು 4 ಕಿ.ಮೀ. ಅಷ್ಟೇ.
ಆದ್ರೆ ಗಿಬ್ಸನ್ ಕೇಳಿದ್ದು, ಅಷ್ಟು ಹತ್ತಿರ ಇದ್ದು ರಷ್ಯಾ ಬಗ್ಗೆ ಏನು ತಿಳ್ಕೊಂಡ್ರಿ ಅಂತ.

ಅಕ್ಟೋಬರ್ 2ರ ಚರ್ಚೆಯಲ್ಲಿ ಎದುರಾಳಿ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ಬೈಡನ್ ಎದುರು ಪೇಲಿನ್ ಎಡವಲಿಲ್ಲ, ಒಪ್ಪೋಣ. ಅಲ್ಲಿ ಒಂದು ಉತ್ತರಕ್ಕೆ 90 ಸೆಕೆಂಡು. ಕೇಳಿದ್ದಕ್ಕೇ ಉತ್ತರ ಕೊಡ್ತೀನಿ ಅನ್ನೋ ಹಾಗಿಲ್ಲ ಅಂತ ಪೇಲಿನ್ ಅವರೇ ವೇದಿಕೆ ಮೇಲೆ ಹೇಳಿಬಿಟ್ರು.
ಕ್ಯೂರಿಕ್ ಮುಂದೆ ಆ ಅನುಕೂಲ ಇರಲಿಲ್ಲ, ಅವರು ಮತ್ತೆ ಮತ್ತೆ ಅದನ್ನೇ ಕೇಳಿದ್ರು.