ಸೆಕ್ಷನ್ ಕಮಾಂಡರ್ ಕೆಲಸ ಮತ್ತು ಹುಡುಗರ ಮುಂದಿನ ದಾರಿ

ಕೊಪ್ಪಳದಲ್ಲಿ ಬೆಳಗ್ಗೆ ಮೈದಾನಕ್ಕೆ ಓಡಲು ಬರುವ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವುದು ಎರಡೇ ಪ್ರಶ್ನೆ. ಸೇನಾ ಭರ್ತಿಯ 1.6 ಕಿಲೋಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸುವುದು ಹೇಗೆ? ಅಗ್ನಿಪಥ ಯೋಜನೆಯಲ್ಲಿ ಸೇರಿ ನಾಲ್ಕು ವರ್ಷ ಆದ ಮೇಲೆ ಏನು? ಮೊದಲನೆಯದಕ್ಕೆ ಉತ್ತರ ಸುಲಭ, ದಿನಾ ಓಡಬೇಕು. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ಸೆಕ್ಷನ್ ಕಮಾಂಡರ್ ಬಗ್ಗೆ ಹೇಳಬೇಕು. ನಾನು ಕಾಲಾಳು ಪಡೆಯಲ್ಲಿ ಆ ಕೆಲಸ ಮಾಡಿದವನು. ನಿವೃತ್ತನಾಗಿದ್ದು ಸುಬೇದಾರ್ ಆಗಿ. ಆದರೂ ಇಡೀ ಸರ್ವಿಸಿನಲ್ಲಿ ಯಾವ ಕೆಲಸ ಭಾರ ಅನ್ನಿಸಿತು ಅಂತ ಯಾರಾದರೂ ಕೇಳಿದರೆ, ನಾಯಕ್ ಆಗಿ ಸೆಕ್ಷನ್ ನಡೆಸಿದ್ದೇ ಎನ್ನುತ್ತೇನೆ.

ಸೆಕ್ಷನ್ ಅಂದರೆ 10 ಜನ. ಮೂರು ಸೆಕ್ಷನ್ ಸೇರಿದರೆ ಒಂದು ಪ್ಲಟೂನ್, ಮೂರು ಪ್ಲಟೂನ್ ಸೇರಿದರೆ ಒಂದು ರೈಫಲ್ ಕಂಪನಿ. ಕಂಪನಿಗೆ ಅಧಿಕಾರಿ ಇರುತ್ತಾರೆ. ಪ್ಲಟೂನಿಗೆ ಕಿರಿಯ ಅಧಿಕಾರಿ ಅಥವಾ ಜೆಸಿಒ, ಅಂದರೆ ನಾಯಬ್ ಸುಬೇದಾರ್, ಸುಬೇದಾರ್ ದರ್ಜೆಯ ಸಾಹೇಬರು ಇರುತ್ತಾರೆ. ಸೆಕ್ಷನ್ ಮಾತ್ರ ಅವರಿಗಿಂತ ಕೆಳಗಿನ ಒಬ್ಬ ನಾಯಕ್ ಅಥವಾ ಹವಾಲ್ದಾರ್ ಕೈಯಲ್ಲಿ, ಅವನೇ ಸೆಕ್ಷನ್ ಕಮಾಂಡರ್. ತೋಳಿನ ಮೇಲೆ ಎರಡೋ ಮೂರೋ ಫೀತಿ, ಅಷ್ಟೇ. ಮೊನ್ನೆ ಮೊನ್ನೆಯವರೆಗೆ ಅವನೂ ಆ ಹುಡುಗರಲ್ಲೇ ಒಬ್ಬ. ಅದೇ ಬ್ಯಾರಕ್, ಅದೇ ಲಂಗರಿನ ರೊಟ್ಟಿ. ರಾತ್ರಿ ಗಸ್ತು ಹೊರಡಬೇಕು ಅಂತ ಮೇಲಿನಿಂದ ಆದೇಶ ಒಂದೇ ಸಾಲಿನಲ್ಲಿ ಬರುತ್ತದೆ. ಯಾರ ಬೂಟಿನ ತಳ ಕಿತ್ತಿದೆ, ಯಾರಿಗೆ ನಿನ್ನೆ ಜ್ವರ ಇತ್ತು, ಎಲ್‌ಎಂಜಿ ಮೆಷಿನ್‌ಗನ್ ಹೊತ್ತು ಏರು ಹತ್ತಬಲ್ಲವನು ಯಾರು, ರೇಡಿಯೋದ ಬ್ಯಾಟರಿ ಎಷ್ಟಿದೆ, ಇದೆಲ್ಲ ಗೊತ್ತಿರಬೇಕಾದದ್ದು ಅವನಿಗೆ. ಅವನಿಗೆ ಗೊತ್ತಿಲ್ಲದಿದ್ದರೆ ಮತ್ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಭಾಗದ ಹುಡುಗರಿಗೆ ಸಂಬಂಧಿಸಿದ ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಾಯಚೂರು, ಸಿಂಧನೂರು, ಕುಷ್ಟಗಿ ಕಡೆಯವರು ಬಿಸಿಲಿಗೆ ಹೆದರುವವರಲ್ಲ. ಓಟದಲ್ಲಿ, ಭಾರ ಹೊರುವುದರಲ್ಲಿ ಮುಂದೆಯೇ. ಆದರೆ ಎತ್ತರದ ಪೋಸ್ಟಿಗೆ ಹೋದಾಗ ಈ ಗಟ್ಟಿತನದ ನಂಬಿಕೆಯೇ ಅಪಾಯ. 9,000 ಅಡಿ ದಾಟಿದ ಮೇಲೆ ದೇಹ ಕಡಿಮೆ ಗಾಳಿಗೆ ಹೊಂದಿಕೊಳ್ಳಬೇಕು. ಅದಕ್ಕೆ ಸೇನೆಯಲ್ಲಿ ಹಂತಗಳಿವೆ. 12,000 ಅಡಿವರೆಗೆ 6 ದಿನ, ಅಲ್ಲಿಂದ 15,000 ಅಡಿವರೆಗೆ 4 ದಿನ, ಅದಕ್ಕೂ ಮೇಲೆ ಮತ್ತೆ 4 ದಿನ. ಮೊದಲ ಎರಡು ದಿನ ಬರೀ ವಿಶ್ರಾಂತಿ, ಆಮೇಲೆ ಸಣ್ಣ ನಡಿಗೆ, ಆಮೇಲೆ ಏರು. ಚೆನ್ನಾಗಿ ಓಡುವವನಿಗೆ ಎತ್ತರದ ಕಾಯಿಲೆ ಬರುವುದಿಲ್ಲ ಅನ್ನುವುದು ಸುಳ್ಳು. ಅದು ಯಾರಿಗೂ ಬರಬಹುದು. ಜೋರಾಗಿ ಹತ್ತುವವನಿಗೆ ಬೇಗ ಬರಬಹುದು.

ನನ್ನ ಸೆಕ್ಷನ್ನಿನಲ್ಲಿ ಲಿಂಗಸುಗೂರು ಕಡೆಯ ಒಬ್ಬ ಹುಡುಗನಿದ್ದ. ಕಂಪನಿಯಲ್ಲೇ ವೇಗದ ಓಟಗಾರ. ಹೇಗಿದ್ದೀಯಾ ಅಂತ ಕೇಳಿದಾಗಲೆಲ್ಲ "ಏನೂ ಆಗಿಲ್ರಿ ಉಸ್ತಾದ್, ಆರಾಮದೀನಿ" ಅನ್ನುತ್ತಿದ್ದ. ನಾನು ನೋಡಿದ್ದು ಅವನ ತಟ್ಟೆಯನ್ನು. ಮಧ್ಯಾಹ್ನ ಅರ್ಧ ಊಟ ಬಿಟ್ಟಿದ್ದ, ರಾತ್ರಿ ಮುಟ್ಟಲೇ ಇಲ್ಲ. ಮಲಗಿದ ಮೇಲೂ ಎದ್ದು ಕೂತು ಒಣಕೆಮ್ಮು ಕೆಮ್ಮುತ್ತಿದ್ದ. ನರ್ಸಿಂಗ್ ಅಸಿಸ್ಟೆಂಟನ್ನು ಎಬ್ಬಿಸಿದೆ. ಆಮ್ಲಜನಕ ಕೊಟ್ಟು ಆ ರಾತ್ರಿಯೇ ಅವನನ್ನು ಕೆಳಗಿಳಿಸಿದರು. ಶ್ವಾಸಕೋಶದಲ್ಲಿ ನೀರು ತುಂಬಲು ಶುರುವಾಗಿತ್ತು. ಇಂಥ ಹೊತ್ತಲ್ಲಿ ತಕ್ಷಣ ಎತ್ತರ ಇಳಿಸುವುದೇ ದೊಡ್ಡ ಔಷಧ. ಕೆಲವು ವಾರಗಳಲ್ಲಿ ಹುಡುಗ ಸುಧಾರಿಸಿಕೊಂಡ. ಜವಾನ ತನಗೆ ಏನೋ ಆಗಿದೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಕೆಳಗಿಳಿಸಿದರೆ ಗೆಳೆಯರ ಮುಂದೆ ಮಾನ ಹೋಗುತ್ತದೆ ಅಂತ ಭಾವಿಸುತ್ತಾನೆ. ಅವನು ಹೇಳುವವರೆಗೆ ಕಾಯುವವನು ಸೆಕ್ಷನ್ ಕಮಾಂಡರ್ ಆಗಲು ತಕ್ಕವನಲ್ಲ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಇದೇ ಗಮನವನ್ನು ಹುಡುಗರ ಮುಂದಿನ ಬದುಕಿನ ಮೇಲೂ ಇಡಬೇಕು. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದು. ನನಗೆ ಕಲಿಸಿದವರು ನನ್ನ ಮೊದಲ ಸೆಕ್ಷನ್ ಕಮಾಂಡರ್. ಮೊದಲ ಪೋಸ್ಟಿಂಗಿನಲ್ಲೇ ಅವರು ಕೇಳಿದ್ದು, "ತಮ್ಮಾ, ಎಷ್ಟನೇ ವಯಸ್ಸಿಗೆ ಮನೆಗೆ ಹೋಗ್ತೀಯ, ಲೆಕ್ಕ ಹಾಕಿದ್ದೀಯಾ?" ಇಪ್ಪತ್ತರ ಹುಡುಗ ಅದನ್ನೆಲ್ಲ ಯಾಕೆ ಲೆಕ್ಕ ಹಾಕುತ್ತಾನೆ? ಅವರೇ ಕೂತು ಹಾಕಿ ತೋರಿಸಿದರು.

ಈಗಿನ ನಿಯಮದಂತೆ ಆ ಲೆಕ್ಕ ಹೀಗಿದೆ. ನಾಯಕ್ ಆಗಿಯೇ ಉಳಿದರೆ, ಹೆಚ್ಚುವರಿ ಎರಡು ವರ್ಷ ಸೇರಿ 24 ವರ್ಷ ಸರ್ವಿಸ್. ಹವಾಲ್ದಾರ್‌ಗೆ 26, ನಾಯಬ್ ಸುಬೇದಾರ್‌ಗೆ 28, ಸುಬೇದಾರ್‌ಗೆ 30. 19ಕ್ಕೆ ಸೇರಿದವನು ನಾಯಕ್ ಆಗಿ ಮನೆಗೆ ಬಂದರೆ ವಯಸ್ಸು 43. ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿ ಇರುತ್ತಾರೆ, ಖರ್ಚು ಜಾಸ್ತಿಯಾಗುವ ಕಾಲ ಅದು. ಸುಬೇದಾರ್ ಆದವನು 49ರವರೆಗೆ ಇರಬಹುದು. 7ನೇ ವೇತನ ಆಯೋಗದ ಪ್ರಕಾರ ಆರಂಭದ ಮೂಲವೇತನ ನಾಯಕ್‌ಗೆ 25,500, ಹವಾಲ್ದಾರ್‌ಗೆ 29,200, ನಾಯಬ್ ಸುಬೇದಾರ್‌ಗೆ 35,400, ಸುಬೇದಾರ್‌ಗೆ 44,900 ರೂಪಾಯಿ. ಇದರ ಮೇಲೆ 5,200 ರೂಪಾಯಿ ಸೇನಾ ಸೇವಾ ವೇತನ, ಭತ್ಯೆಗಳು. ಬಡ್ತಿ ಸಿಗದಿದ್ದರೂ 8, 16, 24 ವರ್ಷಕ್ಕೆ ವೇತನದ ಹಂತ ಏರುತ್ತದೆ, ನಿಜ. ಆದರೆ ಸರ್ವಿಸಿನ ವರ್ಷಗಳು ಏರುವುದು ರ‍್ಯಾಂಕಿನಿಂದ ಮಾತ್ರ. ಪಿಂಚಣಿಗೆ ಜವಾನರಿಗೆ ಕನಿಷ್ಠ 15 ವರ್ಷ ಬೇಕು. ಅದು ಮುಗಿದ ಕೂಡಲೇ ಊರಿಗೆ ಹೊರಡುವ ಆತುರ ನಮ್ಮ ಕಡೆ ಬಹಳ ಜನರಿಗಿದೆ. ಮನೆಯ ಕಷ್ಟ ಇದ್ದರೆ ಬೇರೆ ಮಾತು. ಸುಮ್ನೆ ಬೇಸರಕ್ಕೆ ಬಿಟ್ಟು ಬರಬೇಡಿ.

ಮೇಲೇರಲು ಏನು ಬೇಕು? ಆರೋಗ್ಯ ಪೂರ್ತಿ ಸರಿ ಇರಬೇಕು, ಸೇನೆಯ ಭಾಷೆಯಲ್ಲಿ ಶೇಪ್-1. ದಾಖಲೆಯಲ್ಲಿ ರೆಡ್ ಇಂಕ್ ಎಂಟ್ರಿ, ಅಂದರೆ ದೊಡ್ಡ ಶಿಕ್ಷೆಯ ಗುರುತು, ಇರಬಾರದು. ಬಡ್ತಿಗೆ ಮುಂಚಿನ ತರಬೇತಿಯಾದ ಕ್ಯಾಡರ್ ಪಾಸಾಗಬೇಕು, ಸೇನೆಯ ಶಿಕ್ಷಣ ಪ್ರಮಾಣಪತ್ರ ಬೇಕು, ಮ್ಯಾಪ್ ರೀಡಿಂಗ್ ಬೇಕು. ಹವಾಲ್ದಾರ್ ಆದ ಮೇಲೆ ಬರೆಯುವ ವಾರ್ಷಿಕ ಗೋಪ್ಯ ವರದಿಗಳು ನಾಯಬ್ ಸುಬೇದಾರ್ ಬಡ್ತಿಗೆ ಲೆಕ್ಕಕ್ಕೆ ಬರುತ್ತವೆ. ಕೋರ್ಸುಗಳಲ್ಲಿ ಬಂದ ಗ್ರೇಡ್ ಕೂಡ ಹೆಸರು ಮುಂದೆ ತರುತ್ತದೆ. ಕಾಲಾಳು ಪಡೆಯವರಿಗೆ ಇನ್‌ಫೆಂಟ್ರಿ ಸ್ಕೂಲಿನ ಜೂನಿಯರ್ ಲೀಡರ್ಸ್ ವಿಂಗ್ ಇರುವುದು ನಮ್ಮ ಬೆಳಗಾವಿಯಲ್ಲೇ. ಅಲ್ಲಿಗೆ ಹೆಸರು ಬಂದರೆ ನೆಪ ಹೇಳಿ ತಪ್ಪಿಸಿಕೊಳ್ಳಬಾರದು.

ಮ್ಯಾಪ್ ರೀಡಿಂಗ್ ಅಂದರೆ ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಬೆದರುತ್ತಾರೆ. ಪಾಠ ಹಿಂದಿಯಲ್ಲಿ, ಪದಗಳು ಇಂಗ್ಲಿಷಿನಲ್ಲಿ. ಹುಡುಗ ದಡ್ಡ ಅಂತ ಉಸ್ತಾದ್ ತಿಳಿಯುತ್ತಾನೆ, ತಾನು ದಡ್ಡ ಅಂತ ಹುಡುಗನೂ ತಿಳಿಯುತ್ತಾನೆ. ನಾನು ನಮ್ಮ ಕಡೆಯವರನ್ನು ಸಂಜೆ ಕೂರಿಸಿಕೊಂಡು ಕನ್ನಡದಲ್ಲೇ ಹೇಳುತ್ತಿದ್ದೆ. 1:50,000 ಅಳತೆಯ ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ನಕ್ಷೆಯಲ್ಲಿ ಜಾಗ ಗುರುತಿಸುವ ಆರಂಕಿಯ ಗ್ರಿಡ್ ರೆಫರೆನ್ಸ್ ಕೊಟ್ಟರೆ 100 ಮೀಟರ್ ಉದ್ದ, 100 ಮೀಟರ್ ಅಗಲದ ಚೌಕ ಸಿಕ್ಕಿತು. ಬೇರಿಂಗ್, ಅಂದರೆ ಹೊರಟ ದಿಕ್ಕಿನ ಕೋನ, 180ಕ್ಕಿಂತ ಕಡಿಮೆ ಇದ್ದರೆ 180 ಕೂಡಿಸು, ಜಾಸ್ತಿ ಇದ್ದರೆ 180 ಕಳೆ, ವಾಪಸ್ ಬರುವ ದಿಕ್ಕು ಸಿಗುತ್ತದೆ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು. ಕೊಪ್ಪಳದ ಕೋಟೆಗುಡ್ಡವನ್ನು ನೆನಪಿಸಿಕೊಂಡು ಒಬ್ಬೊಬ್ಬರೂ ಅದರ ಗೆರೆ ಎಳೆಯಿರಿ ಅನ್ನುತ್ತಿದ್ದೆ. ನೋಡಿ ಬೆಳೆದ ಗುಡ್ಡ ಅಲ್ವಾ, ಸರಿಯಾಗಿ ಎಳೆಯುತ್ತಿದ್ದರು. ಕನ್ನಡದಲ್ಲಿ ತಿಳಿದ ಮೇಲೆ ಹಿಂದಿಯಲ್ಲಿ ಉತ್ತರ ಹೇಳುವುದು ಕಷ್ಟವಾಗಲಿಲ್ಲ. ತಿಳಿಯದೆ ಬಾಯಿಪಾಠ ಮಾಡಿದವನು ಪರೀಕ್ಷೆ ದಾಟಿದರೂ ಕತ್ತಲಲ್ಲಿ ದಾರಿ ತಪ್ಪುತ್ತಾನೆ. ಅವನ ಹಿಂದೆ ಉಳಿದವರೂ ತಪ್ಪುತ್ತಾರೆ.

ಇನ್ನೊಂದು ದಾರಿ ನೇರ ಅಧಿಕಾರಿ ಆಗುವುದು. ಡೆಹ್ರಾಡೂನ್‌ನ ಆರ್ಮಿ ಕೆಡೆಟ್ ಕಾಲೇಜಿಗೆ, ಅಂದರೆ ಎಸಿಸಿಗೆ, ಪಿಯುಸಿ ಮುಗಿಸಿದ, ಎರಡು ವರ್ಷ ಸರ್ವಿಸ್ ಆದ, 20ರಿಂದ 27 ವಯಸ್ಸಿನ ಜವಾನ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆ, ಆಮೇಲೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಾದ ಎಸ್‌ಎಸ್‌ಬಿಯ ಸಂದರ್ಶನ. ಆಯ್ಕೆಯಾದರೆ ಮೂರು ವರ್ಷ ಅಲ್ಲಿ ಓದಿ ಪದವಿ, ಮತ್ತೊಂದು ವರ್ಷ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ತರಬೇತಿ, ಆಮೇಲೆ ಲೆಫ್ಟಿನೆಂಟ್. ಇದು ನಮ್ಮ ಜಿಲ್ಲೆಗಳ ಹುಡುಗರಿಗೆ ಗೊತ್ತೇ ಇರುವುದಿಲ್ಲ. ಗೊತ್ತಾಗುವ ಹೊತ್ತಿಗೆ ವಯಸ್ಸು ಮೀರಿರುತ್ತದೆ. ಗೊತ್ತು ಮಾಡಬೇಕಾದವನು ಸೆಕ್ಷನ್ ಕಮಾಂಡರ್.

ಪಿಯುಸಿ ಸೈನ್ಸ್ ಓದಿದ್ದ ಒಬ್ಬನನ್ನು ಎಸಿಸಿ ಪರೀಕ್ಷೆಗೆ ನಾನು ಹುರಿದುಂಬಿಸಿದೆ. ಓದಲು ಅವನಿಗೆ ಸಮಯ ಬೇಕು. ಅವನ ಸಂತ್ರಿ ಡ್ಯೂಟಿಯ ಹೊತ್ತು ಬದಲಿಸಿದರೆ ಆ ಹೊತ್ತು ಬೇರೊಬ್ಬನ ನಿದ್ದೆಯಿಂದ ಹೋಗುತ್ತದೆ. ಸುಮ್ಮನೆ ರೋಸ್ಟರ್ ಬದಲಿಸಿ ಆದೇಶ ಕೊಡಬಹುದಿತ್ತು. ಹಾಗೆ ಮಾಡದೆ ಎಲ್ಲರನ್ನೂ ಕೂರಿಸಿ ಹೇಳಿದೆ. ಇವನಿಗೆ ಇಷ್ಟು ವಾರ ಈ ಸಮಯ ಬೇಕು, ನಾನೂ ಒಂದು ಪಾಳಿ ನಿಲ್ಲುತ್ತೇನೆ, ನಾಳೆ ನಿಮ್ಮಲ್ಲಿ ಯಾರೇ ಯಾವುದೇ ಪರೀಕ್ಷೆಗೆ ಕೂತರೂ ಇದೇ ಸಮಯ ನಿಮಗೂ ಸಿಗುತ್ತದೆ. ಒಬ್ಬಿಬ್ಬರು ಗೊಣಗಿದರು, ಅದು ಸಹಜ. ಆಮೇಲೆ ಆ ಗೊಣಗಿದವರಲ್ಲೇ ಒಬ್ಬ ಪಿಯುಸಿ ಕಟ್ಟುತ್ತೇನೆ ಅಂತ ಬಂದ. ಮತ್ತೊಬ್ಬ ಕ್ಲರ್ಕ್ ಕೆಲಸಕ್ಕೆ ಬೇಕಾಗುತ್ತದೆ ಅಂತ ಕಂಪ್ಯೂಟರ್ ಟೈಪಿಂಗ್ ಶುರು ಮಾಡಿದ. ಎಸಿಸಿಗೆ ಕೂತವನು ಲಿಖಿತ ದಾಟಿದ, ಎಸ್‌ಎಸ್‌ಬಿಯಲ್ಲಿ ಆಗಲಿಲ್ಲ. ಆದರೆ ಆ ಓದು ಅವನ ಕೈಬಿಡಲಿಲ್ಲ. ಮುಂದೆ ತನ್ನ ಬ್ಯಾಚಿನವರಿಗಿಂತ ಮೊದಲೇ ಹವಾಲ್ದಾರ್ ಆದ. ಒಬ್ಬನಿಗೆ ಕೊಟ್ಟ ಅವಕಾಶ ಎಲ್ಲರಿಗೂ ತೆರೆದಿದೆ ಅಂತ ಗೊತ್ತಾದರೆ ಜವಾನರು ಹೊಟ್ಟೆಕಿಚ್ಚು ಪಡುವುದಿಲ್ಲ. ಮುಚ್ಚಿಟ್ಟು ಮಾಡಿದರೆ ಸೆಕ್ಷನ್ ಒಡೆಯುತ್ತದೆ.

ರಜೆಯ ವಿಷಯವೂ ಹೀಗೇ. ಕಾಯಂ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ನಮ್ಮವರಿಗೆ ಗವಿಮಠದ ಜಾತ್ರೆ ಬೇಕು, ಮಹಾರಾಷ್ಟ್ರದವರಿಗೆ ಗಣಪತಿ ಬೇಕು. ಪಟ್ಟಿಯನ್ನು ಎಲ್ಲರ ಎದುರೇ ಬರೆದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಈಗ ಹುಡುಗರ ಎರಡನೇ ಪ್ರಶ್ನೆ. ಅಗ್ನಿಪಥ ಯೋಜನೆ ಬಂದದ್ದು 2022ರ ಜೂನ್‌ನಲ್ಲಿ, ಅದರಲ್ಲಿ ಸೇರಿದವರೇ ಅಗ್ನಿವೀರರು. ನಾಲ್ಕು ವರ್ಷ ಸೇವೆ, ಆಮೇಲೆ ಒಂದು ಬ್ಯಾಚಿನ 25 ಪ್ರತಿಶತದವರೆಗೆ ಕಾಯಂ ಆಗಬಹುದು. ಕಾಯಂ ಆಗದವರು ಸೇವಾನಿಧಿಯ ಸುಮಾರು 11.71 ಲಕ್ಷ ರೂಪಾಯಿ ತೆಗೆದುಕೊಂಡು ಬರುತ್ತಾರೆ. ಅದರಲ್ಲಿ ಅರ್ಧ ಅವರದೇ ಸಂಬಳದಿಂದ ತಿಂಗಳು ತಿಂಗಳು ಕಡಿತವಾದದ್ದು, ಅರ್ಧ ಸರ್ಕಾರ ಹಾಕಿದ್ದು, ಮೇಲೆ ಬಡ್ಡಿ. ಪಿಂಚಣಿ ಇಲ್ಲ, ಮಾಜಿ ಸೈನಿಕರ ವೈದ್ಯಕೀಯ ಸೌಲಭ್ಯ ಇಲ್ಲ. ಇದನ್ನು ಮನೆಯವರಿಗೆ ಮೊದಲೇ ಸ್ಪಷ್ಟವಾಗಿ ಹೇಳಬೇಕು. ಮಗ ಮಿಲಿಟರಿಗೆ ಸೇರಿದ, ಇನ್ನು ಬದುಕು ಭದ್ರ ಅಂತ ಹೊಲ ಅಡವಿಟ್ಟು ಮನೆ ಕಟ್ಟಿಸಲು ಹೊರಟವರನ್ನು ಯಲಬುರ್ಗಾ ಕಡೆ ನೋಡಿದ್ದೇನೆ. ಕರುಳು ಚುರುಕ್ ಅನ್ನುತ್ತದೆ.

ನಾಲ್ಕು ವರ್ಷದಲ್ಲಿ ಯಾರು ಉಳಿಯಬೇಕು ಅಂತ ತೀರ್ಮಾನಿಸುವುದು ಮೇಲಿನವರು. ಆದರೆ ಹುಡುಗ ದಿನಾ ಹೇಗೆ ಓಡುತ್ತಾನೆ, ಹೇಗೆ ಗುರಿ ಹೊಡೆಯುತ್ತಾನೆ, ಸುಸ್ತಾದಾಗ ಪಕ್ಕದವನ ಜೊತೆ ಹೇಗೆ ನಡೆದುಕೊಳ್ಳುತ್ತಾನೆ ಅನ್ನುವುದನ್ನು ಹತ್ತಿರದಿಂದ ನೋಡುವವನು ಸೆಕ್ಷನ್ ಕಮಾಂಡರ್. ಅವನ ಕೆಲಸದ ಭಾರ ನನ್ನ ಕಾಲಕ್ಕಿಂತ ಈಗ ಜಾಸ್ತಿಯಾಗಿದೆ. ಹಿಂದೆ ನಿಧಾನಕ್ಕೆ ಕಲಿಯುವ ಹುಡುಗನಿಗೆ ಹತ್ತು ವರ್ಷ ಸಮಯ ಇತ್ತು. ಈಗ ತರಬೇತಿಯೂ ರಜೆಯೂ ಸೇರಿ ನಾಲ್ಕೇ ವರ್ಷ. ಫೈರಿಂಗಿನಲ್ಲಿ ಹಿಂದೆ ಇರುವವನನ್ನು ಮೊದಲ ವರ್ಷವೇ ಹಿಡಿದು ತಿದ್ದಬೇಕು. ಅದಕ್ಕೇ, ಇವತ್ತು ಫೀತಿ ಹಾಕಿಕೊಂಡು ಕೆಲಸದಲ್ಲಿರುವ ನಮ್ಮ ನಾಯಕ್, ಹವಾಲ್ದಾರ್‌ಗಳಲ್ಲಿ ನನ್ನ ಕೋರಿಕೆ. ಒಬ್ಬೊಬ್ಬ ಅಗ್ನಿವೀರನಿಗೂ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ ಇಡಿ. ಟೆಸ್ಟಿನ ಫಲಿತಾಂಶ, ಎಲ್ಲಿ ಹಿಂದಿದ್ದಾನೆ, ಏನು ಸರಿಮಾಡಿಕೊಂಡ, ದಿನಾಂಕದ ಸಮೇತ ಬರೆಯಿರಿ. ಪ್ಲಟೂನ್ ಕಮಾಂಡರ್ ಕೇಳಿದಾಗ "ಒಳ್ಳೆ ಹುಡುಗ ಸಾಬ್" ಅಂದರೆ ಅವನಿಗೆ ಏನೂ ಉಪಯೋಗವಿಲ್ಲ. ಪುಟ ತೆರೆದು ತೋರಿಸಿದರೆ ಉಪಯೋಗವಿದೆ. ಆ ಪುಟವನ್ನು ಹುಡುಗನಿಗೂ ತೋರಿಸಿ. ತಾನು ಎಲ್ಲಿದ್ದೇನೆ ಅಂತ ಅವನಿಗೆ ನಾಲ್ಕನೇ ವರ್ಷದಲ್ಲಿ ಗೊತ್ತಾಗಬಾರದು.

ಉಳಿಯದವರ ಬಗ್ಗೆಯೂ ಮೊದಲ ದಿನದಿಂದಲೇ ಯೋಚಿಸಬೇಕು. ಹತ್ತನೇ ತರಗತಿ ಮುಗಿಸಿ ಸೇರಿದವರಿಗೆ ಕೇಂದ್ರದ ಮುಕ್ತ ಶಾಲೆ ಎನ್‌ಐಒಎಸ್ ಮೂಲಕ 12ನೇ ತರಗತಿ ಪೂರೈಸುವ ವ್ಯವಸ್ಥೆ ಇದೆ. 12 ಆದವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಪದವಿ ಇದೆ, ಅದರ ಅರ್ಧ ಕ್ರೆಡಿಟ್ ಸೇನೆಯ ತರಬೇತಿಯಿಂದಲೇ ಸಿಗುತ್ತದೆ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅಗ್ನಿವೀರರಿಗೆ ಮೀಸಲಾತಿ, ವಯಸ್ಸಿನ ಸಡಿಲಿಕೆ ಇದೆ. ನಮ್ಮ ಭಾಗದ ಜಿಲ್ಲೆಗಳಿಗೆ ಸಂವಿಧಾನದ 371ಜೆ ವಿಧಿಯ ಅಡಿ ರಾಜ್ಯದ ಹುದ್ದೆಗಳಲ್ಲಿ ಸ್ಥಳೀಯ ಮೀಸಲಾತಿ ಇದೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ರಜೆಗೆ ಬಂದಾಗಲೇ ಮಾಡಿಸಿಟ್ಟುಕೊಳ್ಳಿ. ಕೆಲಸ ಕರೆದ ಮೇಲೆ ಸರ್ಕಾರಿ ಕಚೇರಿಗೆ ಓಡಾಡುವ ಪಾಡು ಬೇಡ. ತೋರಣಗಲ್ಲು, ಶಕ್ತಿನಗರ, ಹಟ್ಟಿ ಕಡೆಯ ದೊಡ್ಡ ಕಾರ್ಖಾನೆ, ಗಣಿಗಳಲ್ಲಿ ಭದ್ರತಾ ಕೆಲಸ ಇರುತ್ತದೆ. ಆದರೆ ಗೇಟಿನಲ್ಲಿ ನಿಲ್ಲುವ ಕೆಲಸವೊಂದೇ ಅಂತ ಅಂದುಕೊಳ್ಳಬೇಡಿ. ಅಗ್ನಿಶಾಮಕ ತರಬೇತಿ, ಭಾರಿ ವಾಹನದ ಲೈಸೆನ್ಸ್, ಪ್ರಥಮ ಚಿಕಿತ್ಸೆ, ಕಂಪ್ಯೂಟರ್ ಇದ್ದವನಿಗೆ ಕೂಲಿ ಬೇರೆ, ಮರ್ಯಾದೆ ಬೇರೆ.

ಪೂರ್ತಿ ಸರ್ವಿಸ್ ಮುಗಿಸಿ ಬರುವವರಿಗೆ ದಾರಿ ಇನ್ನೂ ಅಗಲ. ಸೇನಾ ನೆಲೆಗಳನ್ನು ಕಾಯುವ ಡಿಫೆನ್ಸ್ ಸೆಕ್ಯುರಿಟಿ ಕೋರ್‌ನಲ್ಲಿ ಮತ್ತೆ ಸಮವಸ್ತ್ರ ಹಾಕಬಹುದು. ಕೇಂದ್ರ ಸರ್ಕಾರದ ಸಿ ದರ್ಜೆ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ 10 ಪ್ರತಿಶತ ಮೀಸಲು. ನಿವೃತ್ತಿಗೆ ಮುಂಚೆ ಪುನರ್ವಸತಿ ನಿರ್ದೇಶನಾಲಯದ ಕೋರ್ಸುಗಳಿವೆ. ಸರ್ವಿಸಿನ ಕೊನೆಯ ಭಾಗದಲ್ಲಿ ಇವಕ್ಕೆ ಅರ್ಜಿ ಹಾಕಲು ಮರೆತು, ಊರಿಗೆ ಬಂದ ಮೇಲೆ ಕೇಳುವವರೇ ಜಾಸ್ತಿ.

ಭಾನುವಾರ ಮೈದಾನದಲ್ಲಿ ಓಟ ಮುಗಿದ ಮೇಲೆ ನಾನು ನಕ್ಷೆ ಹಾಸಿ ಕೂರುತ್ತೇನೆ. ರಜೆಗೆ ಬಂದ ಅಗ್ನಿವೀರರು, ನಾಯಕ್ ಕ್ಯಾಡರ್‌ಗೆ ಹೋಗಬೇಕಾದವರು ಯಾರೇ ಇದ್ದರೂ ಬನ್ನಿ. ಸ್ಕೇಲು, ಪೆನ್ಸಿಲ್, ಕೋನ ಅಳೆಯುವ ಪ್ರೊಟ್ರ್ಯಾಕ್ಟರ್ ತನ್ನಿ. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಇದ್ದರೆ ಅದನ್ನೂ ತನ್ನಿ, ಮುಂದೆ ಯಾವುದಕ್ಕೆ ಅರ್ಜಿ ಹಾಕಬಹುದು ಅಂತ ಕೂತು ನೋಡೋಣ.